ಮೆಟಾಮಾಸ್ಕ್ ವಾಲೆಟ್: ನಾಲ್ಕು ವರ್ಷ ಬಳಸಿದ ಮೇಲೆ

ಮೆಟಾಮಾಸ್ಕ್ ಎಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಒಂದು ಕ್ರಿಪ್ಟೋ ವಾಲೆಟ್. 2021ರ ಕೊನೆಯಲ್ಲಿ ಅದನ್ನು ಕ್ರೋಮ್‌ಗೆ ಹಾಕಿಕೊಂಡಾಗ ಮೊದಲು ಇಷ್ಟವಾಗಿದ್ದು ಅದರ ಲೋಗೋದ ನರಿ. ಮೌಸ್ ಎತ್ತ ಹೋದರೆ ಅತ್ತ ಮುಖ ತಿರುಗಿಸುತ್ತಿತ್ತು. ಐದು ನಿಮಿಷ ಸುಮ್ನೆ ಅದನ್ನೇ ಆಡಿಸುತ್ತಾ ಕೂತಿದ್ದೆ. ಆಮೇಲೆ ಅದು ಹನ್ನೆರಡು ಇಂಗ್ಲಿಷ್ ಪದ ತೋರಿಸಿ, ಬರೆದಿಟ್ಟುಕೋ ಎಂದಿತು. ಆಟ ಅಲ್ಲಿಗೆ ಮುಗಿಯಿತು.

ಹೆಸರು ವಾಲೆಟ್ ಆದರೂ ಇದರೊಳಗೆ ದುಡ್ಡು ಇರುವುದಿಲ್ಲ. ದುಡ್ಡು ಇರುವುದು ಎಥೀರಿಯಮ್ ಚೈನ್‌ನಲ್ಲಿ, ಅಂದರೆ ಹಲವು ಕಂಪ್ಯೂಟರ್‌ಗಳು ಸೇರಿ ಇಡುವ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ; ನಮ್ಮ ಹತ್ತಿರ ಇರುವುದು ಬೀಗದ ಕೈ ಮಾತ್ರ. ಪಾಸ್‌ವರ್ಡ್ ಮರೆತರೆ ತಲೆಬಿಸಿ ಬೇಡ, ಅದು ಆ ಒಂದು ಬ್ರೌಸರ್‌ನ ಬಾಗಿಲಿಗೆ ಅಷ್ಟೇ. ಹನ್ನೆರಡು ಪದ ಇದ್ದರೆ ಬೇರೆ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ವಾಪಸ್ ಬರುತ್ತದೆ. ಪದವೇ ಹೋದರೆ? ಕಂಪನಿಯವರ ಹತ್ತಿರ ನಕಲು ಇರುವುದಿಲ್ಲ. ಈಗ ಗೂಗಲ್ ಲಾಗಿನ್‌ನಲ್ಲೂ ವಾಲೆಟ್ ತೆರೆಯಬಹುದು, ಆದರೆ ನಾನು ಹಳೇ ಪದ್ಧತಿಯಲ್ಲೇ ಇದ್ದೇನೆ.

ಆ ಪದಗಳನ್ನು ಜೆಲ್ ಪೆನ್ನಲ್ಲಿ ಬರೆದು ಕಪಾಟಿನಲ್ಲಿ ಇಟ್ಟಿದ್ದೆ. ನಮ್ಮದು ಮಲೆನಾಡು. ಮೊದಲ ಮಳೆಗಾಲದಲ್ಲೇ ಕಪಾಟಿನ ಹಿಂದಿನ ಗೋಡೆ ನೀರು ಕುಡಿದು, ಏಳನೇ ಪದ ಹರಡಿಹೋಯಿತು. ಮೊದಲ ನಾಲ್ಕು ಅಕ್ಷರ ಮಾತ್ರ ಕಾಣುತ್ತಿತ್ತು. ಅಷ್ಟೇ ಸಾಕಾಯಿತು! ಈ ಪದಗಳು ಬರುವುದು 2048 ಪದಗಳ ಒಂದು ಪಟ್ಟಿಯಿಂದ. ಅದರಲ್ಲಿ ಯಾವ ಎರಡು ಪದಕ್ಕೂ ಮೊದಲ ನಾಲ್ಕು ಅಕ್ಷರ ಒಂದೇ ಇರದಂತೆ ಆರಿಸಿದ್ದಾರೆ. ಆ ಪುಣ್ಯಾತ್ಮರಿಗೆ ಮನಸ್ಸಲ್ಲೇ ಕೈಮುಗಿದು, ಈ ಸಲ ಪೆನ್ಸಿಲ್‌ನಲ್ಲಿ ಎರಡು ಪ್ರತಿ ಬರೆದೆ. ಒಂದು ಅಮ್ಮನ ಟ್ರಂಕಿನಲ್ಲಿದೆ. ಫೋಟೋ ತೆಗೆದು ಗ್ಯಾಲರಿಯಲ್ಲಿ ಇಡುವವರೂ ಇದ್ದಾರೆ. ಅದು ತನ್ನಷ್ಟಕ್ಕೆ ಕ್ಲೌಡ್‌ಗೆ ಹೋಗಿ ಕೂರುತ್ತದೆ ಅಲ್ವಾ? ದಯವಿಟ್ಟು ಬೇಡ.

ಸುರಕ್ಷತೆ ಹೇಗಿದೆ ಎಂದು ಕೇಳುವವರು ಸಾಮಾನ್ಯವಾಗಿ ಹ್ಯಾಕ್ ಆಗುತ್ತಾ ಎಂದು ಕೇಳುತ್ತಾರೆ. ನಾಲ್ಕು ವರ್ಷದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಮಾತ್ರ ನನ್ನದೇ ಬೆರಳು. ಕಳೆದ ವರ್ಷ ನನ್ನ ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಸ್ವಲ್ಪ ಯುಎಸ್‌ಡಿಸಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ ನಾಣ್ಯ) ಕಳಿಸಬೇಕಿತ್ತು. ಹಿಸ್ಟರಿಯಲ್ಲಿ ಮೇಲೇ ಇದ್ದ ಅಡ್ರೆಸ್ ಕಾಪಿ ಮಾಡಿದೆ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಸರಿಯಾಗಿಯೇ ಇದ್ದವು. ಚಹಾ ತರಲು ಎದ್ದು ಹೋದೆ. ಬಂದು ಮತ್ತೊಮ್ಮೆ ನೋಡಿದರೆ ನಡುವಿನ ಮೂವತ್ತೆರಡೂ ಬೇರೆ! ಯಾರೋ ನನ್ನ ಅಡ್ರೆಸ್ಸನ್ನೇ ಹೋಲುವ ಒಂದನ್ನು ಹುಟ್ಟಿಸಿ, ಅದರಿಂದ ಸೊನ್ನೆ ಮೊತ್ತದ ಒಂದು ವಹಿವಾಟು ಮಾಡಿ, ಹಿಸ್ಟರಿಯಲ್ಲಿ ತೂರಿಸಿದ್ದರು. ನಾನು ಕಾಪಿ ಮಾಡಲಿ ಎಂದು ಬಲೆ ಹಾಕಿ ಕೂತಿದ್ದರು. ಅಂದಿನಿಂದ ಕಾಂಟ್ಯಾಕ್ಟ್ಸ್‌ನಲ್ಲಿ ಸೇವ್ ಮಾಡಿದ ಅಡ್ರೆಸ್‌ಗೆ ಮಾತ್ರ ಕಳಿಸುತ್ತೇನೆ, ಅದೂ ಮೊದಲು ನೂರು ರೂಪಾಯಿಯಷ್ಟು.

ಇನ್ನೊಂದು ಅಪಾಯ ಅಪ್ರೂವಲ್. ಯಾವುದೋ ಸೈಟ್‌ನಲ್ಲಿ ಒಂದು ಟೋಕನ್ (ಕ್ರಿಪ್ಟೋ ನಾಣ್ಯ) ಕೊಟ್ಟು ಇನ್ನೊಂದಕ್ಕೆ ಬದಲಾಯಿಸುವಾಗ, ನಿಮ್ಮ ಟೋಕನ್ ಮುಟ್ಟಲು ಅನುಮತಿ ಕೊಡಿ ಎಂದು ಕೇಳುತ್ತದೆ. ಎಷ್ಟೋ ಸೈಟ್‌ಗಳು ಮಿತಿಯೇ ಇಲ್ಲದ ಅನುಮತಿ ಕೇಳುತ್ತವೆ. ನೀವು ಬದಲಾಯಿಸುವುದು ಸಾವಿರ ರೂಪಾಯಿ, ಸಹಿ ಹಾಕುವುದು ಖಾಲಿ ಚೆಕ್‌ಗೆ. ಮೆಟಾಮಾಸ್ಕ್‌ನಲ್ಲಿ ಆ ಮಿತಿಯನ್ನು ನಾವೇ ತಿದ್ದಬಹುದು. ಹಳೇ ಅನುಮತಿ ವಾಪಸ್ ಪಡೆಯಲೂ ಬರುತ್ತದೆ, ಅದಕ್ಕೆ ಗ್ಯಾಸ್, ಅಂದರೆ ನೆಟ್‌ವರ್ಕ್‌ನ ಶುಲ್ಕ, ಖರ್ಚಾಗುತ್ತದೆ. ನಾನು ಒಂದು ದೀಪಾವಳಿಗೆ ಕೂತು ಹನ್ನೊಂದು ಅನುಮತಿ ತೆಗೆದುಹಾಕಿದೆ. ಅರ್ಧಕ್ಕರ್ಧ ಸೈಟ್‌ಗಳ ಹೆಸರೇ ನೆನಪಿರಲಿಲ್ಲ.

ದೊಡ್ಡವರೂ ಎಡವಿದ್ದು ಹೀಗೆ ಸಹಿ ಹಾಕುವಾಗಲೇ. 2024ರ ಜುಲೈನಲ್ಲಿ ನಮ್ಮ ದೇಶದ ಕ್ರಿಪ್ಟೋ ವಿನಿಮಯ ಕೇಂದ್ರ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಕಳುವಾಯಿತು, 2025ರ ಫೆಬ್ರವರಿಯಲ್ಲಿ ಅಂಥದ್ದೇ ವಿದೇಶಿ ಕೇಂದ್ರ ಬೈಬಿಟ್‌ನಿಂದ ಸುಮಾರು 150 ಕೋಟಿ ಡಾಲರ್. ಎರಡೂ ಕಡೆ ಹಲವರು ಸೇರಿ ಸಹಿ ಹಾಕಬೇಕಾದ ವಾಲೆಟ್. ಪರದೆ ಮೇಲೆ ಕಂಡದ್ದೇ ಒಂದು, ಸಹಿ ಬಿದ್ದದ್ದೇ ಇನ್ನೊಂದಕ್ಕೆ. ಹಾಗಾಗಿ ನನಗೆ ಅತಿ ಉಪಯೋಗವಾದ ಸೌಲಭ್ಯ ಯಾವುದು ಎಂದರೆ, ಒಪ್ಪಿಗೆ ಕೊಡುವ ಮೊದಲು ಏನು ಹೋಗುತ್ತದೆ, ಏನು ಬರುತ್ತದೆ ಎಂದು ಅಂದಾಜು ತೋರಿಸುವ ಆ ಎರಡು ಸಾಲು. ಅನುಮಾನದ ಸೈಟ್ ಆದರೆ ಕೆಂಪು ಎಚ್ಚರಿಕೆಯೂ ಬರುತ್ತದೆ. ನಮ್ಮ ಬದಲು ಅದೇ ಓದಿಬಿಡುತ್ತದೆ ಎಂದು ಮಾತ್ರ ತಿಳಿಯಬೇಡಿ. ಜಾಸ್ತಿ ಮೊತ್ತ ಇದ್ದರೆ ಲೆಡ್ಜರ್ ಅಥವಾ ಟ್ರೆಝರ್ ಎಂಬ, ಕೀಯನ್ನು ತನ್ನೊಳಗೇ ಇಟ್ಟುಕೊಳ್ಳುವ ಪುಟ್ಟ ಸಾಧನ ಜೋಡಿಸಬಹುದು. ಆಗ ಕೀ ಕಂಪ್ಯೂಟರ್‌ಗೆ ಬರುವುದೇ ಇಲ್ಲ. ನಾನು ಎರಡನೇ ವರ್ಷ ಜೋಡಿಸಿದೆ, ಮೊದಲೇ ಮಾಡಬೇಕಿತ್ತು.

ಉಳಿದದ್ದು ಬೇಗ ಹೇಳುತ್ತೇನೆ. ಮೆಟಾಮಾಸ್ಕ್ ಒಳಗೇ ಟೋಕನ್ ಬದಲಾಯಿಸುವ ಸ್ವಾಪ್ ಸುಲಭ, ಆದರೆ 0.875% ಶುಲ್ಕ ಹಿಡಿಯುತ್ತದೆ. ಸೋಮಾರಿತನದ ಬೆಲೆ ಅದು. 2024ರ ಮಾರ್ಚ್‌ನಲ್ಲಿ ಎಥೀರಿಯಮ್‌ಗೆ ಡೆಂಕುನ್ ಎಂಬ ಅಪ್‌ಗ್ರೇಡ್ ಆದ ಮೇಲೆ, ಅದರ ಮೇಲೇ ಕಟ್ಟಿದ ಆರ್ಬಿಟ್ರಮ್, ಬೇಸ್‌ನಂಥ ನೆಟ್‌ವರ್ಕ್‌ಗಳಲ್ಲಿ ಗ್ಯಾಸ್ ಚಿಲ್ಲರೆ ಕಾಸಿಗೆ ಇಳಿದಿದೆ. ಹೊಸಬರು ಅಲ್ಲೇ ಕೈ ಪಳಗಿಸಿಕೊಳ್ಳಿ.

ನಮ್ಮ ದೇಶದವರಿಗೆ ತಲೆನೋವು ಲೆಕ್ಕ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯುವಂತಿಲ್ಲ, ಒಂದರ ನಷ್ಟ ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. ಯಾವುದನ್ನು ಎಷ್ಟಕ್ಕೆ ಕೊಂಡೆ ಎಂಬುದನ್ನು ನಾನೇ ಒಂದು ಎಕ್ಸೆಲ್‌ನಲ್ಲಿ ಬರೆದಿಡುತ್ತೇನೆ. ಜುಲೈನಲ್ಲಿ ರಿಟರ್ನ್ ತುಂಬುವಾಗ ಅದರ ಬೆಲೆ ಗೊತ್ತಾಗುತ್ತದೆ.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಬ್ಯಾಂಕ್ ಫಾರ್ಮಿನಲ್ಲಿ ನಾಮಿನಿ ಎಂಬ ಖಾನೆ ಇರುತ್ತದೆ, ಈ ಹನ್ನೆರಡು ಪದಕ್ಕೆ ಅಂಥದ್ದಿಲ್ಲ. ನನಗೇನಾದರೂ ಆದರೆ ಟ್ರಂಕಿನ ಚೀಟಿ ಏನೆಂದು ಮನೆಯವರಿಗೆ ಗೊತ್ತಿರಬೇಕಲ್ಲ. ಹೋದ ತಿಂಗಳು ಹೆಂಡತಿಗೆ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಮಗಳ ಡಿಕ್ಟೇಶನ್ ಚೀಟಿ ಅಂತ ಎಸೆಯೋಕೆ ಹೋಗಿದ್ದೆ" ಅಂದಳು. ಈಗ ಅದರ ತಲೆಯ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆದಿದ್ದೇನೆ: ಎಸೆಯಬೇಡಿ.