ಮಗುವಿನ ಹೆಸರಿನ ಕೌದಿ: ಹಳೆ ಸೀರೆಯೋ, ಹೊಸ ಬಟ್ಟೆಯೋ?

ಅಜ್ಜಿಯ ಹತ್ತಿ ಸೀರೆಯಿಂದ ಕೈಯಲ್ಲಿ ಹೊಲಿದ ಕೌದಿಯ ಮೆತ್ತನೆ ಹೊಸ ಬಟ್ಟೆಗೆ ಬೇಗ ಬರುವುದಿಲ್ಲ. ಸೀರೆಯನ್ನೇ ನಾಲ್ಕೈದು ಪದರ ಹಾಸಿದರೆ ಒಳಗೆ ಹತ್ತಿ ತುಂಬುವುದೂ ಬೇಡ. ಬೆಂಗಳೂರಿನ ಚಳಿಗೆ ಅಷ್ಟು ಸಾಕು. ನನ್ನ ಮಗಳ ಕೌದಿಯ ಮೂಲೆಯಲ್ಲಿ ಅಮ್ಮನ ಇಳಕಲ್ ಸೀರೆಯ ಅಂಚಿದೆ. ನಿದ್ದೆ ಬರುವವರೆಗೂ ಅದನ್ನೇ ಬೆರಳಲ್ಲಿ ಸವರುತ್ತಿರುತ್ತಾಳೆ. ಆದರೆ ಸಂಜೆ ಮಾತ್ರ ಸೂಜಿ ಹಿಡಿಯುವವರಿಗೆ ತಿಂಗಳುಗಳೇ ಬೇಕು.

ಚಿಕ್ಕಪೇಟೆಯಿಂದ ಹೊಸ ಹತ್ತಿ ಬಟ್ಟೆ ತಂದು ಮಿಷನ್‌ನಲ್ಲಿ ಹೊಲಿದರೆ ಕೆಲಸ ಬೇಗ ಮುಗಿಯುತ್ತದೆ. ಕತ್ತರಿಸುವ ಮೊದಲೇ ಒಗೆಯಿರಿ, ಇಲ್ಲದಿದ್ದರೆ ಆಮೇಲೆ ಕುಗ್ಗಿ ಸುಕ್ಕಾಗುತ್ತದೆ, ಕೆಂಪು ಬಣ್ಣ ಪಕ್ಕದ ಬಿಳಿಗೂ ಹತ್ತಬಹುದು.

ಸಮಯವಿದ್ದರೆ ಸೀರೆಯೇ ಸರಿ ಅನ್ನುತ್ತೇನೆ. ಎರಡರಲ್ಲೂ ಹೆಸರನ್ನು ದಾರದಲ್ಲೇ ಕಸೂತಿ ಮಾಡಿ. ಗುಂಡಿ, ಮಣಿ ಬೇಡ. ವರ್ಷ ತುಂಬದ ಮಗುವಿಗೆ ಮಲಗಿದಾಗ ಹೊದಿಸಬೇಡಿ, ಎಚ್ಚರವಿದ್ದಾಗ ಕೆಳಗೆ ಹಾಸಿ ಆಡಿಸಿ.