ಕರೆಂಟಿನ ಗಲಾಟೆಯಲ್ಲಿ ಎಲೆಕ್ಟ್ರಾನ್ ಹುಡುಕುವ ಡಬ್ಬಿ: ಟೀಚ್‌ಸ್ಪಿನ್ ‘ನಾಯ್ಸ್ ಫಂಡಮೆಂಟಲ್ಸ್’

ನೋಡೋಕೆ ಏನೂ ಚೆಂದ ಇಲ್ಲ. ಎರಡು ಲೋಹದ ಪೆಟ್ಟಿಗೆ, ಒಂದಷ್ಟು ನಾಬು, ಒಂದು ಮುಳ್ಳಿನ ಮೀಟರು, ಅಷ್ಟೇ. ಅಮೆರಿಕದ ಬಫಲೋ ಊರಿನ ಟೀಚ್‌ಸ್ಪಿನ್ ಕಂಪನಿ ಇದನ್ನು ಕಾಲೇಜು ಲ್ಯಾಬುಗಳಿಗೆಂದೇ ಮಾಡುತ್ತದೆ, ಕರೆಂಟಿನೊಳಗಿನ ನಾಯ್ಸ್, ಅಂದರೆ ಸಣ್ಣ ಸಣ್ಣ ಏರುಪೇರಿನ ಗಲಾಟೆ ಅಳೆಯೋಕೆ. ನಾನು ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಕೊನೆಯ ವರ್ಷದ ಫಿಸಿಕ್ಸ್ ಹುಡುಗರಿಗೆ ಲ್ಯಾಬು ಮಾಡಿಸುತ್ತೇನೆ. ನಮ್ಮ ಲ್ಯಾಬಿನ ಅಷ್ಟೂ ಸಾಮಾನಿನಲ್ಲಿ ನನಗೆ ಇದರ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ.

ಕೆಲಸ ಇಷ್ಟು. ಒಂದು ಪೆಟ್ಟಿಗೆಯೊಳಗೆ ಸಣ್ಣ ಬಲ್ಬು, ಎದುರಿಗೆ ಬೆಳಕು ಬಿದ್ದರೆ ಕರೆಂಟು ಹರಿಸುವ ಫೋಟೋಡಯೋಡು. ಬಲ್ಬಿನ ಬೆಳಕು ಬಿದ್ದಾಗ 10 ಮೈಕ್ರೋಆಂಪಿಯರ್ ಕರೆಂಟು ಹರಿಯಿತು ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ ಸುಮಾರು 62 ಲಕ್ಷ ಕೋಟಿ ಎಲೆಕ್ಟ್ರಾನು. ಇವು ಒಂದರ ಹಂಗು ಇನ್ನೊಂದಕ್ಕಿಲ್ಲದೆ ಬರುವುದರಿಂದ, ಪ್ರತಿ ಸೆಕೆಂಡಿನ ಲೆಕ್ಕದಲ್ಲೂ 79 ಲಕ್ಷದಷ್ಟು ಏರುಪೇರು ಇದ್ದೇ ಇರುತ್ತದೆ. 62 ಲಕ್ಷ ಕೋಟಿಯ ವರ್ಗಮೂಲ ಅದು. ಈ ಏರುಪೇರಿಗೆ ಶಾಟ್ ನಾಯ್ಸ್ ಅನ್ನುತ್ತಾರೆ. 1918ರಲ್ಲಿ ವಾಲ್ಟರ್ ಶಾಟ್ಕಿ ಕೊಟ್ಟ ಸೂತ್ರ ಬಹಳ ಸರಳ: ಕರೆಂಟನ್ನು ಎಲೆಕ್ಟ್ರಾನಿನ ಚಾರ್ಜಿನಿಂದ ಗುಣಿಸಿ, ಎರಡರಷ್ಟು ಮಾಡಿದರೆ ಒಂದು ಹರ್ಟ್ಸ್ ಆವರ್ತನದ ಅಗಲಕ್ಕೆ ಎಷ್ಟು ಗಲಾಟೆ (ಏರುಪೇರಿನ ವರ್ಗದ ಸರಾಸರಿ) ಅಂತ ಸಿಗುತ್ತದೆ. ಇದನ್ನೇ ತಿರುವಿ ಹಾಕಿದರೆ, ಗಲಾಟೆ ಅಳೆದು ಚಾರ್ಜು ಹೇಳಬಹುದು. ಇದೇ ಚಾರ್ಜು ಅಳೆಯುವ ಹಳೆಯ ಮಿಲಿಕನ್ ಪ್ರಯೋಗದ ಎಣ್ಣೆ ಹನಿ ನೋಡಿ ನೋಡಿ ಕಣ್ಣು ಉರಿಸಿಕೊಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಆದರೆ ಸಿಗ್ನಲ್ಲು ಎಷ್ಟು ಅನ್ನೋದು ನೋಡಿ. 10 ಕಿಲೋಓಮ್ ರೆಸಿಸ್ಟರಿನ ಮೇಲೆ, 100 ಕಿಲೋಹರ್ಟ್ಸ್ ಅಗಲದಲ್ಲಿ (ಫಿಲ್ಟರು ಒಳಗೆ ಬಿಡುವ ಆವರ್ತನಗಳ ಹರವು), ಐದಾರು ಮೈಕ್ರೋವೋಲ್ಟು. ಅದರ ಜೊತೆಗೇ ಆ ರೆಸಿಸ್ಟರಿನ ಸ್ವಂತ ಶಾಖದ ಗದ್ದಲ ಬೇರೆ, 1928ರಲ್ಲಿ ಜಾನ್ಸನ್ ಅಳೆದದ್ದು, ಅದೂ ನಾಲ್ಕು ಮೈಕ್ರೋವೋಲ್ಟು. ಹಾಗಾಗಿ ಮೊದಲು ಬಲ್ಬು ಆರಿಸಿ ಶಾಖದ ಪಾಲು ಅಳೆದಿಟ್ಟುಕೊಂಡು, ಆಮೇಲೆ ಕಳೆಯಬೇಕು. ರೆಸಿಸ್ಟರಿನ ಮೇಲೆ 50 ಮಿಲಿವೋಲ್ಟು ಬೀಳುವಷ್ಟು ಕರೆಂಟು ಬಂದಾಗ ಎರಡು ಗದ್ದಲವೂ ಸರಿಸಮ. ಹುಡುಗರಿಗೆ ನಾನು ಈ ಸಂಖ್ಯೆ ಬಾಯಿಪಾಠ ಮಾಡಿಸುತ್ತೇನೆ. ಅದಕ್ಕಿಂತ ಕಡಿಮೆ ಕರೆಂಟಿನಲ್ಲಿ ಗುದ್ದಾಡುವುದು ಸುಮ್ನೆ ಟೈಮ್ ವೇಸ್ಟು.

ಈ ಡಬ್ಬಿಯಲ್ಲಿ ನನಗೆ ತುಂಬಾ ಹಿಡಿಸಿದ್ದು, ಮುಚ್ಚಳ ತೆಗೆಯಬಹುದು ಅನ್ನುವುದು. ಒಳಗೆ ರೆಸಿಸ್ಟರು, ಆಂಪ್ಲಿಫೈಯರು ಎಲ್ಲ ಕಣ್ಣಿಗೆ ಕಾಣುತ್ತವೆ. ಸ್ಕ್ರೂಡ್ರೈವರ್ ಹಿಡಿದು ವೈರು ಬದಲಿಸಿ ಸರ್ಕ್ಯೂಟನ್ನು ನಾವೇ ಕಟ್ಟಬಹುದು. ಮುಚ್ಚಳ ತೆರೆದಿಟ್ಟು ಪಕ್ಕದಲ್ಲೊಂದು ಮೊಬೈಲ್ ಚಾರ್ಜರ್ ಹಾಕಿ, ಆಸಿಲೋಸ್ಕೋಪಿನಲ್ಲಿ ನಾಯ್ಸಿನ ಆ ನೀಟಾದ ಮಸುಕು ಪಟ್ಟಿ ಹೇಗೆ ಕುಣಿಯುತ್ತದೆ ನೋಡಿ. ಮುಚ್ಚಳ ಯಾಕೆ ಬೇಕು ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ಎರಡನೇ ಪೆಟ್ಟಿಗೆಯಲ್ಲಿ ಫಿಲ್ಟರು, ಸಿಗ್ನಲ್ಲು ಎಷ್ಟು ಪಟ್ಟು ಹಿಗ್ಗಬೇಕು ಅನ್ನುವ ಗೇನು, ವರ್ಗ ಮಾಡುವ ಸರ್ಕ್ಯೂಟು, ಕೊನೆಗೆ ಮೀಟರು. ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟಿದ್ದರೆ ಈ ಮಜಾ ಇರುತ್ತಿರಲಿಲ್ಲ. 100 ಕಿಲೋಹರ್ಟ್ಸ್ ಅಗಲ ಇಟ್ಟು ಒಂದು ಸೆಕೆಂಡು ಸರಾಸರಿ ತೆಗೆದರೆ ಮುಳ್ಳು ಹೆಚ್ಚುಕಮ್ಮಿ ನಿಂತೇ ಇರುತ್ತದೆ, ಶೇಕಡಾ 0.3ರಷ್ಟು ಮಾತ್ರ ಅಲ್ಲಾಡುತ್ತದೆ. ಅಗಲವನ್ನು 1 ಕಿಲೋಹರ್ಟ್ಸ್‌ಗೆ ಇಳಿಸಿದರೆ ಅದೇ ಮುಳ್ಳು ಶೇಕಡಾ 3ರಷ್ಟು ಓಲಾಡುತ್ತದೆ. ಅಳತೆಗೂ ತನ್ನದೇ ಆದ ಎಣಿಕೆಯ ಲೆಕ್ಕ ಇದೆ ಅನ್ನುವುದು ಪುಸ್ತಕಕ್ಕಿಂತ ಈ ಮುಳ್ಳಿನಲ್ಲೇ ಚೆನ್ನಾಗಿ ಅರ್ಥವಾಗುತ್ತದೆ.

ನಿಜವಾದ ತಮಾಷೆ ಮುಂದಿದೆ. ಫೋಟೋಡಯೋಡು ತೆಗೆದು, ಬ್ಯಾಟರಿಯಿಂದ ದೊಡ್ಡ ರೆಸಿಸ್ಟರಿನ ಮೂಲಕ ಅಷ್ಟೇ 10 ಮೈಕ್ರೋಆಂಪಿಯರ್ ಹರಿಸಿ. ಶಾಟ್ ನಾಯ್ಸ್ ಮಾಯ! ಉಳಿಯುವುದು ಶಾಖದ ಗದ್ದಲ ಮಾತ್ರ. ಫೋಟೋಡಯೋಡಿನಲ್ಲಿ ಎಲೆಕ್ಟ್ರಾನುಗಳು ತಮಗೆ ತೋಚಿದಾಗ ಬರುತ್ತವೆ. ಇಲ್ಲಿ ಪ್ರೇಯರ್‌ಗೆ ನಿಂತ ಶಾಲೆ ಮಕ್ಕಳ ಹಾಗೆ ಸಾಲಾಗಿ ಬರುತ್ತವೆ. ಕರೆಂಟು ಒಂದೇ, ಎಣಿಕೆಯ ಹರಹು ಬೇರೆ. ಆಮ್‌ಮೀಟರಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ನ್ಯಾನೋ ಸಂಶೋಧನೆಯ ಬಾಗಿಲು ತೆರೆಯುವುದು ಇಲ್ಲೇ. ತಂತಿಯನ್ನು ಚಿಕ್ಕದು ಮಾಡುತ್ತಾ ಹೋದರೆ, ಎಲೆಕ್ಟ್ರಾನು ತನ್ನ ಶಕ್ತಿ ಕಳೆದುಕೊಳ್ಳದೆ ದಾಟುವಷ್ಟು ಗಿಡ್ಡವಾದಾಗ, ಶಾಟ್ ನಾಯ್ಸ್‌ನ ಮೂರನೇ ಒಂದು ಪಾಲು ವಾಪಸ್ ಬರುತ್ತದೆ. 1997ರಲ್ಲಿ ಫ್ರಾನ್ಸಿನ ಸಾಕ್ಲೇ ಮತ್ತು ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಇದೇ ಗಲಾಟೆ ಅಳೆದು, ಎಲೆಕ್ಟ್ರಾನಿನ ಮೂರನೇ ಒಂದು ಪಾಲು ಚಾರ್ಜು ಹೊತ್ತ ಕಣ ತೋರಿಸಿದರು. 2006ರಲ್ಲಿ ಜ್ಯೂರಿಕ್‌ನ ಇಟಿಹೆಚ್‌ನಲ್ಲಿ ಕ್ವಾಂಟಮ್ ಡಾಟ್ (ಎಲೆಕ್ಟ್ರಾನು ಕೂಡಿಹಾಕುವ ಪುಟ್ಟ ಗುಂಡಿ) ದಾಟುವ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಎಣಿಸಿದರು. ಸೆಕೆಂಡಿಗೆ ಸಾವಿರ ಎಲೆಕ್ಟ್ರಾನು ಅಂದರೂ ಅದು ಬರೀ 160 ಆಟೋಆಂಪಿಯರ್ (ಒಂದು ಆಟೋಆಂಪಿಯರ್ ಅಂದರೆ ಮೈಕ್ರೋಆಂಪಿಯರಿನ ಲಕ್ಷ ಕೋಟಿಯಲ್ಲೊಂದು ಪಾಲು). ಆ ಮಟ್ಟದ ಕೆಲಸ ಈ ಡಬ್ಬಿಯಿಂದ ಆಗದು, ಅದಕ್ಕೆಂದು ಮಾಡಿದ್ದೂ ಅಲ್ಲ. ಇದು ಎಣಿಕೆಯ ಹರಹನ್ನಷ್ಟೇ ಕೊಡುತ್ತದೆ. ಹರಹು ಯಾವ ಕಡೆಗೆ ವಾಲಿದೆ ಅನ್ನುವ ಮೂರನೇ ಲೆಕ್ಕ ಬೇಕೆಂದರೆ ಬೇರೆ ಏರ್ಪಾಡೇ ಬೇಕು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 2003ರಲ್ಲಿ ಅದನ್ನು ಅಳೆದವರು ಪಟ್ಟ ಪಾಡು ಕಮ್ಮಿ ಇಲ್ಲ.

ನನ್ನ ಒಂದು ತಕರಾರು ಡಬ್ಬಿಯ ಮೇಲಲ್ಲ, ಪಾಠದ ಮೇಲೆ. 2019ರಿಂದ ಎಲೆಕ್ಟ್ರಾನಿನ ಚಾರ್ಜು ಅಳೆಯುವ ಸಂಖ್ಯೆಯಾಗಿ ಉಳಿದಿಲ್ಲ, ನಿಗದಿ ಮಾಡಿಬಿಟ್ಟಿದ್ದಾರೆ. ಹಾಗಾಗಿ ‘ಚಾರ್ಜು ಅಳೆದೆವು’ ಅಂತ ಹುಡುಗರು ರಿಪೋರ್ಟಿನಲ್ಲಿ ಬರೆದರೆ ಸುಳ್ಳಾಗುತ್ತದೆ. ಅವರು ಪರೀಕ್ಷಿಸಿದ್ದು ತಮ್ಮ ಗೇನು ಮತ್ತು ಫಿಲ್ಟರಿನ ಅಗಲವನ್ನು. ಉತ್ತರ ಎಡವಟ್ಟಾದರೆ ತಪ್ಪು ಹುಡುಕಬೇಕಾದ್ದೂ ಅಲ್ಲೇ.

ನಮ್ಮೂರ ಕಡೆಯ ಡಿಗ್ರಿ ಕಾಲೇಜುಗಳು ಇದನ್ನು ತರಿಸಬೇಕಾ? ಎಂಎಸ್ಸಿ ಇದ್ದು, ಗ್ರಾಂಟು ಕೈಯಲ್ಲಿದ್ದರೆ ತರಿಸಿ. ಇಲ್ಲದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ. ಕಮ್ಮಿ ನಾಯ್ಸಿನ ಆಪ್‌ಆಂಪು (ಸಿಗ್ನಲ್ಲು ಹಿಗ್ಗಿಸುವ ಚಿಪ್ಪು), ಫೋಟೋಡಯೋಡು, ವರ್ಗ ಮಾಡಲು ಎಡಿ633 ಚಿಪ್ಪು, ಒಂದು ಅಲ್ಯೂಮಿನಿಯಂ ಡಬ್ಬಿ ಹುಡುಕಿ. ಪವರಿಗೆ ಬ್ಯಾಟರಿಯೇ ಇರಲಿ, ಅಡಾಪ್ಟರ್ ಬೇಡ. ಕಟ್ಟಿದ ಮೇಲೆ ಬಲ್ಬು ಹಚ್ಚುವ ಆತುರ ಬೇಡ. 10 ಕಿಲೋಓಮ್ ರೆಸಿಸ್ಟರ್ ಒಂದನ್ನೇ ಹಾಕಿ, ಆಂಪ್ಲಿಫೈಯರಿನ ಸ್ವಂತ ನಾಯ್ಸ್ ಕಳೆದು ನೋಡಿ. ಒಂದು ರೂಟ್ ಹರ್ಟ್ಸ್‌ಗೆ (ಅಂದರೆ ವೋಲ್ಟನ್ನು ಅಗಲದ ವರ್ಗಮೂಲದಿಂದ ಭಾಗಿಸಿದಾಗ) 13 ನ್ಯಾನೋವೋಲ್ಟು ಬರಬೇಕು. ಬರದಿದ್ದರೆ ಮೊದಲು ಗ್ರೌಂಡಿಂಗ್ ಸರಿಮಾಡಿ.