ಹಳೇ ಡೀಸೆಲ್ ಎಸ್‌ಯುವಿಯ ಸದ್ದು ಹುಡುಕಲು ಸ್ಕ್ಯಾನರ್ರಾ, ಸ್ಟೆತಸ್ಕೋಪಾ, ಸ್ಕ್ರೂಡ್ರೈವರ್ರಾ?

ಮೊದಲೇ ಹೇಳಿಬಿಡುತ್ತೇನೆ. ಇಂಜಿನ್ ಸದ್ದು ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದಷ್ಟೇ ನಿಮಗೆ ಬೇಕಾಗಿದ್ದರೆ, ಗಾಡಿಯ ಕಂಪ್ಯೂಟರ್ ಓದುವ ಬ್ಲೂಟೂತ್ ಸ್ಕ್ಯಾನರ್‌ಗೆ ದುಡ್ಡು ಹಾಕಬೇಡಿ. ಮೆಕ್ಯಾನಿಕ್ ಸ್ಟೆತಸ್ಕೋಪ್ ತಗೊಳ್ಳಿ, ಜೊತೆಗೆ ಒಂದು ಮೀಟರ್ ರಬ್ಬರ್ ಪೈಪ್. ನಾನು ಎಲ್ಲವನ್ನೂ ಒಂದೇ ಗಾಡಿಯ ಮೇಲೆ ಬಳಸಿ ನೋಡಿದ್ದೇನೆ.

ನಮ್ಮದು ಹಾಸನದಲ್ಲಿರುವ 2.2 ಲೀಟರ್ ಕಾಮನ್ ರೈಲ್ ಡೀಸೆಲ್ (ಇಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆಲ್ಲ ಒಂದೇ ಪೈಪಿನಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವಂಥದ್ದು), ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದೆ. ಕಂಪನಿ ಹೆಸರು ಬೇಡ. ಇಂಥ ಯಾವ ಹಳೇ ಡೀಸೆಲ್ ಎಸ್‌ಯುವಿಗಾದರೂ ಈ ಮಾತು ಹೊಂದುತ್ತದೆ. ಇದರಲ್ಲಿ ಮೂರು ಸದ್ದು ಒಟ್ಟಿಗೇ ಸೇರಿಕೊಂಡಿದ್ದವು. ಮುಂದುಗಡೆ ಗರ್ರ್ ಅನ್ನುವುದು, ರೇಸ್ ಕೊಟ್ಟಷ್ಟೂ ಜಾಸ್ತಿ ಆಗುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಚಫ್ ಚಫ್ ಅಂತ ಉಸಿರು ಬಿಟ್ಟಂಥ ಸದ್ದು. ಇನ್ನೊಂದು 1,800 ಆರ್‌ಪಿಎಂ ಹತ್ತಿರ ಮಾತ್ರ ನೆಲದಡಿಯಿಂದ ಬರುವ ಝೇಂಕಾರ. ಇದನ್ನೆಲ್ಲ ಒಟ್ಟಿಗೆ ಕೇಳಿದ ಮೆಕ್ಯಾನಿಕ್ ಒಬ್ಬರು ಬಾನೆಟ್ ಕೂಡ ಎತ್ತದೆ 'ಇಂಜಿನ್ ಒಳಗಿನ ಟೈಮಿಂಗ್ ಚೈನ್ ಹೋಗಿದೆ, ಇಂಜಿನ್ ಇಳಿಸಬೇಕು' ಅಂದರು. ಆ ಮಾತಿನಿಂದಲೇ ನನ್ನ ಹುಡುಕಾಟ ಶುರುವಾಯಿತು.

ಸ್ಕ್ಯಾನರ್‌ನಿಂದ ಹೊರಡೋಣ. ಇಎಲ್ಎಂ327 ಹೆಸರಿನ ಅಗ್ಗದ ಬ್ಲೂಟೂತ್ ಡಬ್ಬಿ, ಫೋನಿನಲ್ಲಿ ಒಂದು ಆಪ್. ನಮ್ಮಲ್ಲಿ ಕಾರುಗಳಿಗೆ ಒಬಿಡಿ-2 (ಗಾಡಿ ತನ್ನ ದೋಷವನ್ನು ತಾನೇ ಗುರುತಿಸಿ ಸ್ಕ್ಯಾನರ್‌ಗೆ ತಿಳಿಸುವ ವ್ಯವಸ್ಥೆ) ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೇ ಗಾಡಿಯಲ್ಲಿ ಇದು ಅರ್ಧಂಬರ್ಧ ಕೆಲಸ ಮಾಡಬಹುದು. ಇನ್ನೊಂದು ಮಾತು, 'ವರ್ಷನ್ 2.1' ಅಂತ ಬರುವ ನಕಲಿಗಳಲ್ಲಿ ಕೆಲವು ಕಮಾಂಡ್‌ಗಳೇ ಇರುವುದಿಲ್ಲ, ಆಪ್ ಸುಮ್ನೆ ತಿರುಗುತ್ತಾ ಕೂರುತ್ತದೆ. ನನ್ನದು ಕೆಲಸ ಮಾಡಿತು. ಕೂಲೆಂಟ್ ಬಿಸಿ ಸರಿಯಾಗಿದೆ, ರೈಲ್ ಪ್ರೆಶರ್ ಸ್ಥಿರವಾಗಿದೆ, ಚಾರ್ಜಿಂಗ್ 14 ವೋಲ್ಟ್ ಮೇಲಿದೆ, ದೋಷದ ಕೋಡ್ ಒಂದೂ ಇಲ್ಲ ಅಂತ ತೋರಿಸಿತು. ಗರ್ರ್ ಮಾತ್ರ ಹಾಗೇ ಇತ್ತು. ಇರಲೇಬೇಕಲ್ವಾ? ಆಮೇಲೆ ಗೊತ್ತಾದಂತೆ ಗರ್ರ್ ಬೆಲ್ಟ್ ಓಡುವ ಒಂದು ಪುಲ್ಲಿಯ ಬೇರಿಂಗಿನದು, ಅದಕ್ಕೆ ಯಾವ ಸೆನ್ಸರೂ ಇಲ್ಲ. ಸ್ಕ್ಯಾನರ್ ಹೇಳುವುದು ಗಾಡಿಯನ್ನು ಮನೆತನಕ ಓಡಿಸಬಹುದಾ ಅನ್ನುವುದನ್ನು. ಎಲ್ಲಿಂದ ಸದ್ದು ಅನ್ನುವುದು ಅದರ ಕೆಲಸವಲ್ಲ.

ಉದ್ದನೆ ಸ್ಕ್ರೂಡ್ರೈವರ್ ನಮ್ಮ ಎಲ್ಲ ಗ್ಯಾರೇಜುಗಳ ಹಳೇ ಉಪಾಯ. ತುದಿಯನ್ನು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೈಗೆ ಒತ್ತಿ, ಹಿಡಿಯನ್ನು ಕಿವಿ ಹತ್ತಿರದ ಮೂಳೆಗೆ ಇಡುವುದು. ಕೇಳಿಸುತ್ತದೆ, ಸುಳ್ಳಲ್ಲ. ಆದರೆ ಡೀಸೆಲ್ ಇಂಜಿನ್‌ನಲ್ಲಿ ಎಲ್ಲವೂ ಕೇಳಿಸುತ್ತದೆ, ಅದೇ ತೊಂದರೆ. ಇನ್ನೊಂದು ಕಿವಿಗೆ ಬೀಳುವ ಗದ್ದಲವನ್ನು ತಡೆಯುವಂತಿಲ್ಲ. ಮುಖವೂ ಫ್ಯಾನ್ ಹತ್ತಿರ ಹೋಗುತ್ತದೆ. ಹಳೇ ಗಾಡಿಗಳಲ್ಲಿ ಫ್ಯಾನ್ ಇಂಜಿನ್ ಜೊತೆಗೇ ತಿರುಗುವಂಥದ್ದು. ಹೆಗಲ ಮೇಲೆ ಟವೆಲ್, ಕೊರಳಲ್ಲಿ ಸರ ಇಟ್ಟುಕೊಂಡು ಈ ಕೆಲಸಕ್ಕೆ ಇಳಿಯಲೇಬೇಡಿ.

ಮೆಕ್ಯಾನಿಕ್ ಸ್ಟೆತಸ್ಕೋಪ್ ಅಂದರೆ ಡಾಕ್ಟರ್ ಇಟ್ಟುಕೊಳ್ಳುವಂಥದ್ದೇ, ಬಿಲ್ಲೆಯ ಬದಲು ಉದ್ದನೆ ಸರಳು. ಎರಡೂ ಕಿವಿ ಮುಚ್ಚುವುದರಿಂದ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಸರಳನ್ನು ತಿರುಗುವ ಭಾಗಕ್ಕೆ ಮುಟ್ಟಿಸಬಾರದು, ಅದು ಕೂತಿರುವ ಬೋಲ್ಟ್‌ಗೆ ಒತ್ತಬೇಕು. ಆಲ್ಟರ್ನೇಟರ್ ಮೇಲೆ ಇಟ್ಟೆ, ನುಣ್ಣಗೆ ತಿರುಗುವ ಸದ್ದು. ಪವರ್ ಸ್ಟೀರಿಂಗ್ ಪಂಪ್, ಸಣ್ಣ ಗುಂಯ್. ಟೈಮಿಂಗ್ ಕವರ್, ಮಾಮೂಲಿ ಕಟಕಟ. ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಪುಲ್ಲಿಯ ಬೋಲ್ಟ್‌ಗೆ ಇಟ್ಟ ಕೂಡಲೇ ಕಿವಿಯೊಳಗೆ ಮರಳು ಅರೆದಂತಾಯಿತು. ಟೈಮಿಂಗ್ ಚೈನ್ ವಾದ ಅಲ್ಲಿಗೇ ಮುಗಿಯಿತು.

ಖಾತ್ರಿಗೆ ಆಲ್ಟರ್ನೇಟರ್, ಸ್ಟೀರಿಂಗ್ ಪಂಪ್ ತಿರುಗಿಸುವ ಹೊರಗಿನ ಬೆಲ್ಟ್ ತೆಗೆದು ಸ್ಟಾರ್ಟ್ ಮಾಡಿದೆ. ಗರ್ರ್ ಪೂರ್ತಿ ಮಾಯ. ಇದು ಎಲ್ಲಕ್ಕಿಂತ ನಂಬಿಕಸ್ಥ ಪರೀಕ್ಷೆ, ಖರ್ಚೂ ಇಲ್ಲ. ಆದರೆ ನೀರಿನ ಪಂಪೂ ಅದೇ ಬೆಲ್ಟ್‌ನಿಂದ ತಿರುಗುವ ಗಾಡಿಗಳಿವೆ, ಹಾಗಾಗಿ ಅರ್ಧ ನಿಮಿಷಕ್ಕೆ ಆಫ್ ಮಾಡಿಬಿಡಿ. ಇಂಜಿನ್ ಆಫ್ ಆಗಿರುವಾಗಲೇ ಪುಲ್ಲಿಗಳನ್ನು ಒಂದೊಂದಾಗಿ ಬೆರಳಿಂದ ತಿರುಗಿಸಿ. ನನ್ನ ಐಡ್ಲರ್ ಗರಗರ ಅನ್ನುತ್ತಾ ತಿರುಗುತ್ತಲೇ ಇತ್ತು. ಸಲೀಸಾಗಿ ತಿರುಗಿದರೆ ಒಳ್ಳೆಯದು ಅಂದುಕೊಳ್ಳುವವರೇ ಹೆಚ್ಚು, ಅದು ಉಲ್ಟಾ. ಒಳಗೆ ಗ್ರೀಸ್ ತುಂಬಿರುವ ಹೊಸ ಬೇರಿಂಗ್ ಸದ್ದಿಲ್ಲದೆ ಒಂದೆರಡು ಸುತ್ತಿಗೇ ನಿಲ್ಲುತ್ತದೆ. ಗ್ರೀಸ್ ಒಣಗಿದ್ದು ನಿಲ್ಲುವುದೇ ಇಲ್ಲ. ಪುಲ್ಲಿ ಸ್ಟೀಲಿನದು, ಬೇರಿಂಗ್ ಮೇಲೆ 6203 ಅಂತ ನಂಬರ್ ಇತ್ತು. ಅದು ಎಲ್ಲೆಲ್ಲೂ ಸಿಗುವ ಅಳತೆ. ಬೆಂಗಳೂರಿಗೆ ಹೋದಾಗ ಜೆಸಿ ರಸ್ತೆಯಲ್ಲಿ ಒಳ್ಳೇ ಬ್ರ್ಯಾಂಡಿನದು ತಂದು ಪ್ರೆಸ್ ಹಾಕಿಸಿದೆ. ಪ್ಲಾಸ್ಟಿಕ್ ಪುಲ್ಲಿಯಾದರೆ ಪೂರ್ತಿ ಪುಲ್ಲಿಯನ್ನೇ ಬದಲಿಸುವುದು ವಾಸಿ.

ಬೆಲ್ಟ್ ಚೀಂವ್ ಚೀಂವ್ ಅಂದರೆ ಬೇರೆ ಪರೀಕ್ಷೆ. ಓಡುವ ಬೆಲ್ಟಿನ ಗೀರುಗಳ ಕಡೆಗೆ ದೂರದಿಂದ ಸ್ವಲ್ಪ ನೀರು ಸಿಂಪಡಿಸಿ. ಸದ್ದು ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿ ಸಾಲು ತಪ್ಪಿದೆ. ತಕ್ಷಣ ಜಾಸ್ತಿಯಾದರೆ ಬೆಲ್ಟ್ ಜಾರುತ್ತಿದೆ, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ನೋಡಬೇಕು. ಬೆಲ್ಟ್ ಡ್ರೆಸಿಂಗ್ ಸ್ಪ್ರೇ ಹೊಡೆದು ಸುಮ್ಮನಾಗಿಸುವುದು ನನಗೆ ಇಷ್ಟವಿಲ್ಲ. ಅದರಿಂದ ಕಾರಣ ಮುಚ್ಚಿಹೋಗುತ್ತದೆ, ಅಷ್ಟೇ.

ಚಫ್ ಚಫ್ ವಿಷಯದಲ್ಲಿ ಸ್ಟೆತಸ್ಕೋಪ್ ಸೋತಿತು. ಅದು ಲೋಹದ ನಡುಕ ಕೇಳುವ ಸಾಧನ, ಗಾಳಿಯ ಸೋರಿಕೆಯನ್ನಲ್ಲ. ಇಲ್ಲಿ ಗೆದ್ದದ್ದು ರಬ್ಬರ್ ಪೈಪ್. ಒಂದು ತುದಿ ಕಿವಿಗೆ, ಇನ್ನೊಂದನ್ನು ಇಂಜೆಕ್ಟರ್‌ಗಳ ಬುಡದ ಸುತ್ತ ಆಡಿಸುವುದು. ಮೂರನೇ ಇಂಜೆಕ್ಟರ್ ಹತ್ತಿರ ಸದ್ದು ಎದ್ದು ಕೇಳಿತು. ಟಾರ್ಚ್ ಬಿಟ್ಟು ನೋಡಿದರೆ ಬುಡದಲ್ಲಿ ಡಾಂಬರಿನಂಥ ಕಪ್ಪು ಗಟ್ಟಿ. ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಸೋರುತ್ತಿದೆ ಅಂತ ಅರ್ಥ. ಸೋಪಿನ ನೀರು ಹಾಕಿದರೆ ಗುಳ್ಳೆ ಏಳುತ್ತದೆ. ವಾಷರ್ ಬೆಲೆ ಚಿಲ್ಲರೆ ಕಾಸು, ಆದರೆ ಬಿಟ್ಟರೆ ಆ ಕಾರ್ಬನ್ ಗಟ್ಟಿಯಾಗಿ ಇಂಜೆಕ್ಟರೇ ಹೊರಗೆ ಬರುವುದಿಲ್ಲ. ಆಗ ಬಿಲ್ ದೊಡ್ಡದು. ಒಂದು ಎಚ್ಚರಿಕೆ: ಓಡುತ್ತಿರುವ ಇಂಜಿನ್‌ನ ಇಂಜೆಕ್ಟರ್ ಪೈಪ್ ಸಡಿಲಿಸಿ ನೋಡುವ ಹಳೇ ಚಾಳಿ ಇಲ್ಲಿ ಬೇಡ. ಇಂಥ ಹಳೇ ಕಾಮನ್ ರೈಲ್‌ಗಳಲ್ಲೇ ಒತ್ತಡ 1,600 ಬಾರ್ ತನಕ ಹೋಗುತ್ತದೆ. ಆ ಡೀಸೆಲ್ ಎಳೆ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಮೂರನೆಯ ಝೇಂಕಾರ ಇಂಜಿನ್ನಿನದೇ ಅಲ್ಲ. ಇಂಜಿನ್ ಕೆಳಗೆ ಹಾಕಿಸಿದ್ದ ಕಬ್ಬಿಣದ ಗಾರ್ಡ್‌ನ ಒಂದು ಬುಷ್ ಸವೆದಿತ್ತು, ಒಂದೇ ಆರ್‌ಪಿಎಂನಲ್ಲಿ ನಡುಗುತ್ತಿತ್ತು. ಸಕಲೇಶಪುರದ ಕಡೆ ತೋಟದ ದಾರಿಗೆ ಗಾರ್ಡ್ ಬೇಕೇ ಬೇಕು, ಹಾಗಾಗಿ ಹೊಸ ರಬ್ಬರ್ ಬುಷ್ ಹಾಕಿ ಉಳಿಸಿಕೊಂಡೆ. ರೂಫ್ ಕ್ಯಾರಿಯರ್ ಮಾತ್ರ ಇಳಿಸಿದೆ. 80 ದಾಟಿದರೆ ಅದು ಟರ್ಬೋ ಸೀಟಿ ಹೊಡೆದಂತೆ ಕೂಗುತ್ತದೆ. ಟರ್ಬೋ ಅಂತ ಅನುಮಾನ ಇದ್ದವರು ಒಂದು ಸಲ ಕ್ಯಾರಿಯರ್ ತೆಗೆದು ಓಡಿಸಿ ನೋಡಿ. ಕ್ಲಚ್ ಒತ್ತಿ ಜಾರಲು ಬಿಟ್ಟಾಗಲೂ ಸೀಟಿ ಹಾಗೇ ಇದ್ದರೆ ಅದು ಗಾಳಿಯದೇ.

ಆಕ್ಸೆಸರಿ ಮಾತು ಬಂತಲ್ಲ, ಹೆಡ್‌ಲೈಟ್ ಬಗ್ಗೆಯೂ ಹೇಳುತ್ತೇನೆ. ಹಳೇ ಹೆಚ್4 ರಿಫ್ಲೆಕ್ಟರ್‌ಗೆ ಎಲ್ಇಡಿ ಬಲ್ಬ್ ಹಾಕಿ ನೋಡಿದೆ, ನಂತರ ಮಾಮೂಲಿ 60/55 ವ್ಯಾಟ್ ಹ್ಯಾಲೋಜನ್‌ಗೆ ರಿಲೇ ವೈರಿಂಗ್ (ಬ್ಯಾಟರಿಯಿಂದ ನೇರವಾಗಿ ಬಲ್ಬಿಗೆ ಕರೆಂಟ್ ಕೊಡುವ ವೈರು) ಹಾಕಿಸಿ ನೋಡಿದೆ. ಎಲ್ಇಡಿ ಗೋಡೆ ಮೇಲೆ ಬೆಳ್ಳಗೆ ಕಾಣುತ್ತದೆ, ರಸ್ತೆಯಲ್ಲಿ ಚದುರುತ್ತದೆ. ರಿಫ್ಲೆಕ್ಟರ್ ಮಾಡಿರುವುದು ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕ ಹಾಕಿ. ಮಂಜಿನಲ್ಲಿ ಎದುರಿಗೆ ಬಿಳಿ ಪರದೆ, ಎಫ್‌ಎಂನಲ್ಲಿ ಕೊರಕೊರ. ಮೇಲಾಗಿ ಕಣ್ಣು ಕುಕ್ಕುವ ಎಲ್ಇಡಿ ದೀಪಗಳ ಮೇಲೆ 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕೇಸು ಹಾಕುತ್ತಿದ್ದಾರೆ. ಹ್ಯಾಲೋಜನ್ ಮಂದವಾಗಿದ್ದರೆ ತಪ್ಪು ಬಹುಪಾಲು ಹಳೇ ವೈರಿನದು. ಬಲ್ಬ್ ತನಕ ತಲುಪುವ ವೋಲ್ಟೇಜ್ ಶೇ. 10 ಕಮ್ಮಿಯಾದರೆ ಬೆಳಕು ಸುಮಾರು ಶೇ. 30 ಕಮ್ಮಿಯಾಗುತ್ತದೆ. ರಿಲೇ ಹಾಕಿದ ಮೇಲೆ ಅದೇ ಬಲ್ಬ್ ಸಾಕಾಯಿತು. ಬುಲ್ ಬಾರ್ (ಗಾಡಿಯ ಮುಂದೆ ಹಾಕಿಸುವ ಕಬ್ಬಿಣದ ಕಂಬಿ) ಬಗ್ಗೆ ಜಾಸ್ತಿ ಹೇಳುವುದಿಲ್ಲ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ, ಏರ್‌ಬ್ಯಾಗ್ ಸೆನ್ಸರ್‌ಗೂ ಅದು ಅಡ್ಡ.

ಗಾಡಿಯಲ್ಲಿ ಈಗ ಉಳಿದಿರುವುದು ನ್ಯೂಟ್ರಲ್‌ನಲ್ಲಿ ನಿಂತಾಗ ಬರುವ ಸಣ್ಣ ಸದ್ದು. ಕ್ಲಚ್ ಒತ್ತಿದರೆ ನಿಲ್ಲುತ್ತದೆ, ಅಂದರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ. ಒತ್ತಿದಾಗ ಶುರುವಾಗಿದ್ದರೆ ಕ್ಲಚ್‌ನ ರಿಲೀಸ್ ಬೇರಿಂಗ್ ಅನ್ನುತ್ತಿದ್ದೆ. ಅದೊಂದಕ್ಕೇ ಗೇರ್‌ಬಾಕ್ಸ್ ಇಳಿಸುವುದು ದಂಡ. ಕ್ಲಚ್ ಪ್ಲೇಟ್ ಬದಲಿಸುವಾಗ ಒಟ್ಟಿಗೇ ನೋಡಿಸುತ್ತೇನೆ.